ಉಜ್ಜುವ ಮೊದಲು ಕಲೆಯನ್ನು ಕೇಳಿ

ಮದುವೆಯೂಟ ಮುಗಿಸಿ ಬಂದ ಬಿಳಿ ಪಂಚೆಯ ಮೇಲೆ ಹುಳಿಯದೊಂದು ಹನಿ. ಬಾಳೆಲೆಯ ತುದಿಯಿಂದ ಹರಿದದ್ದೋ, ಬಡಿಸುವವರ ಸೌಟಿನಿಂದ ತೊಟ್ಟಿಕ್ಕಿದ್ದೋ ಗೊತ್ತಿಲ್ಲ. ಮಂಡಿಯ ಹತ್ತಿರ ರೂಪಾಯಿ ನಾಣ್ಯದಷ್ಟು ಹಳದಿ ಮಚ್ಚೆ ಕೂತಿದೆ. ಬಚ್ಚಲಿಗೆ ಹೋಗಿ, ನೀರು ಹಾಕಿ, ಬಟ್ಟೆ ಸೋಪಿನಿಂದ ಎರಡು ಸಲ ತಿಕ್ಕುತ್ತೀರಿ. ಹಳದಿ ಹೋಗುವ ಬದಲು ಕಣ್ಣೆದುರೇ ಕೆಂಪಾಗುತ್ತದೆ. ಇನ್ನಷ್ಟು ತಿಕ್ಕಿದರೆ ಇನ್ನಷ್ಟು ಕೆಂಪು.

ಅಪ್ಪನ ಪಂಚೆಯ ಮೇಲೆ ಇದು ನಡೆಯುವುದನ್ನು ಚಿಕ್ಕಂದಿನಲ್ಲಿ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿದ್ದೇನೆ. ಅಮ್ಮ ಗಾಬರಿಯಾಗುತ್ತಿರಲಿಲ್ಲ. ನೊರೆ ತೊಳೆದು, ಪಂಚೆ ಹಿಂಡಿ, ಕಲೆಯಿದ್ದ ಭಾಗ ಬಿಸಿಲಿಗೆ ಕಾಣುವಂತೆ ಹಿತ್ತಲಲ್ಲಿ ಹರವುತ್ತಿದ್ದಳು. ಒಣಗುತ್ತ ಬಂದಾಗ ಒಮ್ಮೆ ಹೋಗಿ ಅದರ ಮೇಲೆ ನೀರು ಚಿಮುಕಿಸಿ ಬರುತ್ತಿದ್ದಳು. ಸಂಜೆ ಮಡಿಚುವ ಹೊತ್ತಿಗೆ ಕಲೆ ಎಲ್ಲಿತ್ತು ಎಂದು ಹುಡುಕಬೇಕಾಗುತ್ತಿತ್ತು. "ಬಿಸಿಲು ತಿಂದ್ಬಿಡ್ತು ನೋಡು" ಎನ್ನುತ್ತಿದ್ದಳು.

ಆ ಮಾತು ಎಷ್ಟು ನಿಜ ಎಂದು ತಿಳಿಯಲು ನನಗೆ ರಸಾಯನಶಾಸ್ತ್ರ ಓದಬೇಕಾಯಿತು. ಆದರೆ ಮೊದಲ ಪಾಠ ಓದಿಗೆ ಮುಂಚೆಯೇ ನಮ್ಮ ಮನೆಗಳಲ್ಲಿದೆ. ಹಸೆಮಣೆಯ ಮುಂದೆ ಬೆಳಗುವ ಆರತಿ ತಟ್ಟೆಯ ನೀರು ಕೆಂಪಗಿರುತ್ತದಲ್ಲ, ಅದಕ್ಕೆ ಹಾಕುವುದು ಕೆಂಪು ಬಣ್ಣವನ್ನಲ್ಲ. ಒಂದು ಚಿಟಿಕೆ ಅರಿಶಿನ, ಒಂದು ಚಿಟಿಕೆ ಸುಣ್ಣ. ಹಳದಿಯೂ ಬಿಳಿಯೂ ಕೂಡಿ ಓಕುಳಿಯ ಕೆಂಪು ಹುಟ್ಟುತ್ತದೆ. ಅರಿಶಿನದೊಳಗಿನ ಬಣ್ಣದ ಹೆಸರು ಕರ್ಕ್ಯುಮಿನ್. ಹುಳಿಯ ಸಂಗದಲ್ಲಿ ಅದು ಹಳದಿ, ಕ್ಷಾರದ ಸಂಗದಲ್ಲಿ ಕೆಂಪು. ಸುಣ್ಣ ಕ್ಷಾರ, ಬಟ್ಟೆ ಸೋಪೂ ಕ್ಷಾರ. ಆರತಿ ತಟ್ಟೆಯಲ್ಲಿ ನಡೆದದ್ದೇ ಪಂಚೆಯ ಮೇಲೂ ನಡೆಯಿತು. ಬೇಕಾದರೆ ಆ ಕೆಂಪಿನ ಮೇಲೆ ನಿಂಬೆಹಣ್ಣು ಹಿಂಡಿ, ಮತ್ತೆ ಹಳದಿಯಾಗುತ್ತದೆ.

ಅಂದರೆ ಸೋಪು ಹಚ್ಚಿದ್ದರಿಂದ ಕಲೆ ಕೆಟ್ಟಿಲ್ಲ. ತಾನು ಅರಿಶಿನ ಎಂದು ಅದು ಹೇಳಿಕೊಂಡಿದೆ. ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಬಟ್ಟೆ ಬೆಳ್ಳಗಾಗಿಸುವುದನ್ನು ನಾವು ತೋಳ್ಬಲದ ಕೆಲಸ ಎಂದುಕೊಂಡಿದ್ದೇವೆ. ಅದು ಅರಿವಿನ ಕೆಲಸ. ಪ್ರತಿ ಕಲೆಗೂ ಒಂದು ಹುಟ್ಟಿದೆ, ಒಂದು ಸ್ವಭಾವವಿದೆ. ಅದನ್ನು ಕೇಳಿಕೊಂಡು ಕೈ ಹಾಕಿದವರಿಗೆ ಮದ್ದು ಬಹುಪಾಲು ಅಡುಗೆಮನೆಯಲ್ಲೇ ಸಿಗುತ್ತದೆ. ಕೇಳದೆ ಉಜ್ಜಿದರೆ ಬಟ್ಟೆ ಸವೆಯುತ್ತದೆ, ಕಲೆ ಉಳಿಯುತ್ತದೆ.

ಬಟ್ಟೆ ಬಿಳಿಯಾಗಲು ಮೂರು ದಾರಿಗಳಿವೆ. ಕೊಳೆಯನ್ನು ನೂಲಿನಿಂದ ಬಿಡಿಸಿ ನೀರಿನ ಜೊತೆ ಕಳಿಸುವುದು ಒಂದು. ಕೊಳೆ ಹೋಗದಿದ್ದರೆ ಅದರ ಬಣ್ಣವನ್ನಾದರೂ ಮುರಿಯುವುದು ಇನ್ನೊಂದು. ಎರಡೂ ಆದ ಮೇಲೆ ಉಳಿದ ಮಾಸಲನ್ನು ಕಣ್ಣಿಗೆ ಕಾಣದಂತೆ ಮಾಡುವುದು ಮೂರನೆಯದು. ಮನೆಯಲ್ಲಿರುವ ಸೋಪು, ಸೋಡಾ, ನಿಂಬೆ, ಬ್ಲೀಚು, ನೀಲಿ ಎಲ್ಲವೂ ಈ ಮೂರರಲ್ಲಿ ಒಂದು ದಾರಿಯವು.

ಜಿಡ್ಡು ಬಿಡಿಸುವ ಬಗೆ

ಅಂಗಿಯ ಕಾಲರಿನ ಒಳಮಗ್ಗುಲು ಕಪ್ಪಾಗುವುದು ಧೂಳಿನಿಂದ ಎಂದುಕೊಳ್ಳುತ್ತೇವೆ. ಧೂಳು ಒಂದೇ ಆಗಿದ್ದರೆ ಕೊಡವಿದರೆ ಸಾಕಿತ್ತು. ಚರ್ಮ ಸದಾ ಸ್ವಲ್ಪ ಎಣ್ಣೆ ಸುರಿಸುತ್ತಿರುತ್ತದೆ. ಆ ಎಣ್ಣೆ ನೂಲಿನ ಸಂದಿಗೆ ಇಳಿದು ಅಂಟಿನಂತೆ ಧೂಳನ್ನು ಹಿಡಿದುಕೊಳ್ಳುತ್ತದೆ. ಎಣ್ಣೆ ಬಿಟ್ಟರೆ ಧೂಳೂ ಬಿಡುತ್ತದೆ. ಆದರೆ ಎಣ್ಣೆಗೂ ನೀರಿಗೂ ಆಗದು.

ಸೋಪಿನ ಅಣುವಿಗೆ ಎರಡು ತುದಿ. ಒಂದು ನೀರಿಗೆ ಒಲಿಯುತ್ತದೆ, ಇನ್ನೊಂದು ಜಿಡ್ಡಿಗೆ. ಸಾವಿರಾರು ಅಣುಗಳು ಜಿಡ್ಡಿನ ತುತ್ತಿಗೆ ಒಂದು ತುದಿ ಚುಚ್ಚಿ, ಇನ್ನೊಂದು ತುದಿಯನ್ನು ನೀರಿನ ಕಡೆ ಚಾಚುತ್ತವೆ. ಜಿಡ್ಡು ಸಣ್ಣ ಸಣ್ಣ ಉಂಡೆಯಾಗಿ ನೂಲಿನಿಂದ ಏಳುತ್ತದೆ, ತೇಲಿ ಹೋಗುತ್ತದೆ. ಅಂಟುವಾಳದ ಕಾಯಿ ಮತ್ತು ಸೀಗೆಕಾಯಿಯಲ್ಲಿರುವ ಸಪೋನಿನ್‌ಗಳು ಮಾಡುವುದೂ ಇದನ್ನೇ. ಅಂಟುವಾಳದ ನೊರೆ ಸೋಪಿನಷ್ಟು ಕಟುವಲ್ಲ. ಹಾಗಾಗಿ ರೇಷ್ಮೆ ಸೀರೆಗೆ ನಮ್ಮ ಅಜ್ಜಿಯಂದಿರು ಅದನ್ನೇ ಬಳಸುತ್ತಿದ್ದದ್ದು ಸರಿಯಾಗಿತ್ತು.

ನೀರಿನ ಮೇಲ್ಮೈ ಮೇಲೆ ಜಿಡ್ಡೂ ಸೋಪೂ ಏನು ಮಾಡುತ್ತವೆ ಎಂದು ಮೊದಮೊದಲಿಗೆ ಅಳತೆ ಮಾಡಿ ತೋರಿಸಿದವರಲ್ಲಿ ಒಬ್ಬಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು. 1862ರಲ್ಲಿ ಹುಟ್ಟಿದ ಆಗ್ನೆಸ್ ಪೊಕೆಲ್ಸ್ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ತಂದೆತಾಯಿಯರನ್ನು ನೋಡಿಕೊಂಡು ಮನೆಯಲ್ಲೇ ಇದ್ದವಳು. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಪಾತ್ರೆ ತೊಳೆದ ನೀರಿನ ಮೇಲಿನ ಜಿಡ್ಡಿನ ಪೊರೆಯನ್ನು ನೋಡುತ್ತ ನೋಡುತ್ತ, ಅದನ್ನು ಅಳೆಯಲು ಒಂದು ತಗಡಿನ ತೊಟ್ಟಿಯನ್ನು ತಾನೇ ಮಾಡಿಕೊಂಡಳು. 1891ರ ಜನವರಿಯಲ್ಲಿ ತನ್ನ ಅಳತೆಗಳನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಪತ್ರದಲ್ಲಿ ಬರೆದಳು. ಅವರು ಅದರ ಬೆಲೆ ಅರಿತು 'ನೇಚರ್' ಪತ್ರಿಕೆಗೆ ಕಳಿಸಿದರು. ಆ ವರ್ಷದ ಮಾರ್ಚ್‌ನಲ್ಲೇ ಅಚ್ಚಾಯಿತು. ಬಚ್ಚಲಿನಲ್ಲಿ, ಕೊಳಾಯಿಯ ಮುಂದೆ ನಿಂತವರಿಗೂ ಪ್ರಕೃತಿ ತನ್ನ ಗುಟ್ಟು ಹೇಳುತ್ತದೆ ಎಂಬುದಕ್ಕೆ ನನಗೆ ಅವಳಿಗಿಂತ ಒಳ್ಳೆಯ ಸಾಕ್ಷಿ ಬೇಡ.

ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸೋಪು ಸೋಲುತ್ತದೆ. ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಕೆನೆ ಕಟ್ಟುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಸಿಯಾಗುತ್ತವೆ. ಆ ಗಸಿ ನೂಲಿಗೆ ಅಂಟಿ, ಒಗೆದಷ್ಟೂ ಬನಿಯನ್ನು ಮಾಸಲಾಗಿಸುತ್ತದೆ. ಮಲೆನಾಡಿನ ಮೆದು ನೀರಿನಲ್ಲಿ ಅದೇ ಬನಿಯನ್ ಅದೇ ಸೋಪಿಗೆ ಬೆಳ್ಳಗಾಗುವುದು ಇದಕ್ಕೇ. ಪರಿಹಾರ ಸುಲಭ: ಸೋಪಿಗೆ ಮೊದಲು ಬಕೆಟ್ಟಿಗೆ ಒಂದೆರಡು ಚಮಚ ವಾಷಿಂಗ್ ಸೋಡಾ ಹಾಕಿ ಕಲಕಿ. ಅದು ಕ್ಯಾಲ್ಸಿಯಂ ಅನ್ನು ತಾನೇ ಹಿಡಿದು ಸುಣ್ಣದ ಹುಡಿಯಾಗಿ ಕೂರಿಸುತ್ತದೆ. ಸೋಪು ತನ್ನ ಕೆಲಸಕ್ಕೆ ಬಿಡುವಾಗುತ್ತದೆ.

ಉಬ್ಬೆಯ ರಸಾಯನ

ಸೋಡಾದ ಈ ಗುಣವನ್ನು ನಮ್ಮ ಮಡಿವಾಳರು ಅಂಗಡಿಯ ಪೊಟ್ಟಣ ಬರುವುದಕ್ಕೆ ಎಷ್ಟೋ ಕಾಲ ಮುಂಚೆಯೇ ತಿಳಿದಿದ್ದರು. ಬೇಸಿಗೆಯಲ್ಲಿ ಕೆಲವು ನೆಲಗಳ ಮೇಲೆ ಬೆಳ್ಳಗೆ ಉಪ್ಪಿನಂತೆ ಪೊರೆ ಏಳುತ್ತದೆ. ಅದೇ ಚೌಳು ಮಣ್ಣು. ಅದರಲ್ಲಿರುವುದು ಸೋಡಿಯಂ ಕಾರ್ಬೊನೇಟು, ಅಂದರೆ ವಾಷಿಂಗ್ ಸೋಡಾವೇ. ಬೆಳೆಗೆ ಬೇಡವಾದ ಆ ಮಣ್ಣನ್ನು ಹೆರೆದು ತಂದು, ನೀರಿನಲ್ಲಿ ಕದಡಿ, ತಿಳಿಯಲ್ಲಿ ಬಟ್ಟೆ ಅದ್ದುತ್ತಿದ್ದರು. ಆಮೇಲೆ ಉಬ್ಬೆ. ನೀರು ಕುದಿಯುವ ದೊಡ್ಡ ಹಂಡೆಯ ಮೇಲೆ ಆ ಬಟ್ಟೆಗಳನ್ನು ಪೇರಿಸಿ, ರಾತ್ರಿಯಿಡೀ ಹಬೆ ಹಾಯುವಂತೆ ಬಿಡುವುದು.

ಈ ಒಂದು ರಾತ್ರಿಯಲ್ಲಿ ಏನಾಗುತ್ತದೆ ನೋಡಿ. ಕ್ಷಾರ ಮತ್ತು ಬಿಸಿ ಸೇರಿದಾಗ ಬಟ್ಟೆಯಲ್ಲಿರುವ ಮೈಯ ಎಣ್ಣೆಯ ಒಂದಷ್ಟು ಭಾಗ ತಾನೇ ಸೋಪಾಗಿ ಮಾರ್ಪಡುತ್ತದೆ. ಕೊಳೆಯಿಂದಲೇ ಕೊಳೆ ತೆಗೆಯುವ ಸಾಧನ ತಯಾರಾಗುತ್ತದೆ. ಹಬೆಯ ಬಿಸಿಗೆ ಹೇನು, ರೋಗಾಣು ಉಳಿಯುವುದಿಲ್ಲ. ಬೆಳಗ್ಗೆ ಹೊಳೆಯ ಕಲ್ಲಿಗೆ ಬಡಿದರೆ ಸಡಿಲಾದ ಕೊಳೆ ಹೊರಬೀಳುತ್ತದೆ. ಬಳಿಕ ಹುಲ್ಲು, ಮರಳಿನ ಮೇಲೆ ಬಿಸಿಲಿಗೆ ಹರವುವುದು. ಒಗೆದು ಶುದ್ಧವಾದ ಬಟ್ಟೆಗೂ ಶುದ್ಧತೆಗೂ ಕನ್ನಡದಲ್ಲಿ ಒಂದೇ ಮಾತು, ಮಡಿ. ಆ ಮಾತಿನಿಂದಲೇ ಮಡಿವಾಳ ಎಂಬ ಹೆಸರು. 12ನೆಯ ಶತಮಾನದಲ್ಲಿ ಆ ಕಾಯಕವನ್ನೇ ತನ್ನ ಹೆಸರಾಗಿ ಹೊತ್ತ ಮಾಚಿದೇವ ಶರಣರ ನಡುವೆ ಪೂಜ್ಯನಾದ. ಆದರೂ ಈ ಕಸುಬಿನ ಒಳಗಿದ್ದ ವಿದ್ಯೆಗೆ ನಾವು ವಿದ್ಯೆ ಎಂಬ ಗೌರವ ಕೊಡಲಿಲ್ಲ. ಆ ಕೊರತೆ ನನ್ನನ್ನು ನೋಯಿಸುತ್ತದೆ.

ಯುರೋಪಿನಲ್ಲೂ ದಾರಿ ಬೇರೆಯಾಗಿರಲಿಲ್ಲ. ಹಾಲೆಂಡಿನ ಹಾರ್ಲೆಂ ಊರಿನ ಸುತ್ತ ಲಿನನ್ ಬಟ್ಟೆಯನ್ನು ಬೂದಿನೀರಿನಲ್ಲಿ ಬೇಯಿಸಿ, ಹುಲ್ಲುಗಾವಲಿನ ಮೇಲೆ ವಾರಗಟ್ಟಲೆ ಹಾಸಿ, ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಮತ್ತೆ ಹಾಸುತ್ತಿದ್ದರು. ಒಂದು ಥಾನು ಬಿಳಿಯಾಗಲು ತಿಂಗಳುಗಳೇ ಬೇಕಿತ್ತು. ಕ್ಷಾರ, ಬಿಸಿಲು, ಹುಳಿ ಈ ಮೂರೂ ಅಲ್ಲಿಯೂ ಇದ್ದವು.

ತಣ್ಣೀರು ಬೇಡುವ ಕಲೆ

ಆಟದ ಬಯಲಿನಿಂದ ಹುಡುಗ ಮಂಡಿ ತರಚಿಕೊಂಡು ಬರುತ್ತಾನೆ. ಬಿಳಿ ಸಾಕ್ಸಿನ ಮೇಲೆ ರಕ್ತ. ಕೈ ತಾನಾಗಿ ಬಿಸಿನೀರಿನ ನಲ್ಲಿಗೆ ಹೋಗುತ್ತದೆ. ದಯವಿಟ್ಟು ತಡೆಯಿರಿ.

ರಕ್ತ, ಮೊಟ್ಟೆ, ಹಾಲು ಇವೆಲ್ಲ ಪ್ರೋಟೀನಿನ ಕಲೆಗಳು. ಮೊಟ್ಟೆಯ ಲೋಳೆಯನ್ನು ಕಾದ ಕಾವಲಿಗೆ ಹಾಕಿದರೆ ಏನಾಗುತ್ತದೆ? ಕ್ಷಣದಲ್ಲಿ ಬೆಂದು ಗಟ್ಟಿಯಾಗುತ್ತದೆ, ಮತ್ತೆ ಲೋಳೆಯಾಗುವುದಿಲ್ಲ. ಬಿಸಿನೀರು ತಾಗಿದ ರಕ್ತದ ಪ್ರೋಟೀನೂ ನೂಲಿನ ಒಳಗೆ ಹಾಗೆಯೇ ಬೇಯುತ್ತದೆ. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರು ಬದಲಿಸಿ, ಆಮೇಲೆ ಸೋಪು ಹಚ್ಚಿದರೆ ಹೆಚ್ಚಿನಂಶ ಹೋಗುತ್ತದೆ.

ಉಳಿದದ್ದಕ್ಕೆ ಔಷಧಿ ಅಂಗಡಿಯ ಹೈಡ್ರೊಜನ್ ಪೆರಾಕ್ಸೈಡ್ ಇದೆ. ಶೇ. 3ರದ್ದು ಸಾಕು, ಶೇ. 6ರದ್ದಾದರೆ ಅಷ್ಟೇ ನೀರು ಬೆರೆಸಿ. ಬಿಳಿ ಹತ್ತಿ ಬಟ್ಟೆಯ ಮೇಲಿನ ಕಲೆಗೆ ನಾಲ್ಕು ಹನಿ ಬಿಟ್ಟ ಕೂಡಲೇ ಜುಮ್ಮೆಂದು ಬಿಳಿ ನೊರೆ ಉಕ್ಕುತ್ತದೆ. ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಿರುತ್ತದೆ. ಆ ಆಮ್ಲಜನಕವೇ ಗುಳ್ಳೆ. ನೊರೆ ನಿಲ್ಲುವವರೆಗೆ ಕಾದು ತಣ್ಣೀರಿನಲ್ಲಿ ಜಾಲಾಡಿಸಿ. ಬಣ್ಣದ ಬಟ್ಟೆಯಾದರೆ ಮೊದಲು ಒಳ ಹೊಲಿಗೆಯ ಒಂದು ಮೂಲೆಯಲ್ಲಿ ಹಚ್ಚಿ ನೋಡಬೇಕು. ಈ ಅಧ್ಯಾಯದ ಎಲ್ಲ ಮದ್ದಿಗೂ ಅದು ಅನ್ವಯಿಸುತ್ತದೆ.

ಪ್ರೋಟೀನನ್ನು ಕತ್ತರಿಸಲು ಕಿಣ್ವಗಳನ್ನೇ ಬಟ್ಟೆಯ ಪುಡಿಗೆ ಬೆರೆಸುವ ಯೋಚನೆ ಜರ್ಮನಿಯ ಓಟೊ ರೋಮ್‌ಗೆ 1913ರಲ್ಲೇ ಬಂದಿತ್ತು. ಈಗಿನ ಹಲವು ಪುಡಿಗಳಲ್ಲಿ ಬ್ಯಾಕ್ಟೀರಿಯಾಗಳಿಂದ ತೆಗೆದ ಕಿಣ್ವಗಳಿವೆ. ಅವಕ್ಕೆ ಬೆಚ್ಚನೆಯ ನೀರು, ನೆನೆಯಲು ಸಮಯ ಬೇಕು. ಒಂದು ಎಚ್ಚರ: ರೇಷ್ಮೆ, ಉಣ್ಣೆ ಎರಡೂ ಪ್ರೋಟೀನಿನ ನೂಲುಗಳೇ. ಕಲೆಯನ್ನು ಕತ್ತರಿಸುವ ಕಿಣ್ವ ಸೀರೆಯನ್ನೂ ಕತ್ತರಿಸೀತು.

ಚೊಗರು, ಚಹಾ, ತುಕ್ಕು

ಒಂದು ಲೋಟ ಹಾಲಿಲ್ಲದ ಚಹಾ ಮಾಡಿ ಎರಡು ಬಟ್ಟಲಿಗೆ ಹಾಕಿ. ಒಂದಕ್ಕೆ ನಿಂಬೆರಸ ಹಿಂಡಿ, ಬಣ್ಣ ತಿಳಿಯಾಗುತ್ತದೆ. ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ, ಕಪ್ಪಿಗೆ ತಿರುಗುತ್ತದೆ. ಈಗ ಅಂಗಿಯ ಮೇಲೆ ಚಹಾ ಚೆಲ್ಲಿದಾಗ ಮೊದಲು ಸೋಪು ಹಚ್ಚಬೇಕೇ, ನಿಂಬೆ ಹಚ್ಚಬೇಕೇ ಎಂದು ಯಾರನ್ನೂ ಕೇಳಬೇಕಿಲ್ಲ.

ಚಹಾ, ಕಾಫಿ, ದಾಳಿಂಬೆ, ಬಾಳೆಕಾಯಿಯ ಸೊನೆ ಇವುಗಳ ಕಲೆಗೆ ಟ್ಯಾನಿನ್ ಮತ್ತು ಅದರ ಬಂಧುಗಳು ಕಾರಣ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಚೊಗರು ತಗುಲಿದ ಬಟ್ಟೆ ಮತ್ತೆ ಬಿಳಿಯಾಗದು ಎಂದು ಎಲ್ಲರಿಗೂ ಗೊತ್ತು. ಅಡಿಕೆ ಸುಲಿಯುವವರು, ಬೇಯಿಸುವವರು ಅದಕ್ಕೆಂದೇ ಹಳೆಯ ಬಟ್ಟೆ ಉಡುತ್ತಾರೆ. ಟ್ಯಾನಿನ್ ಗಾಳಿಯ ಜೊತೆ ಸೇರಿ ದಿನ ಕಳೆದಂತೆ ಗಾಢವಾಗುತ್ತದೆ, ನೂಲಿಗೆ ಗಟ್ಟಿಯಾಗಿ ಕಚ್ಚುತ್ತದೆ. ಹಾಗಾಗಿ ಇಲ್ಲಿ ಹೊತ್ತು ಮುಖ್ಯ. ಚೆಲ್ಲಿದ ಕೂಡಲೇ ನೀರು ಸುರಿದು, ನಿಂಬೆರಸ ಅಥವಾ ವಿನೆಗರ್ ಹಚ್ಚಿ ಕಾಲು ಗಂಟೆ ಬಿಟ್ಟು ತೊಳೆಯುವುದು. ಹಳೆಯ ಕಲೆಗೆ ಪೆರಾಕ್ಸೈಡ್.

ಟ್ಯಾನಿನ್ನಿಗೆ ಕಬ್ಬಿಣ ಸೇರಿದರೆ ಕಥೆ ಬೇರೆ. ಬಾಳೆಕಾಯಿ ಹೆಚ್ಚಿದ ಈಳಿಗೆಯ ಅಲಗು ಕಪ್ಪಾಗುವುದನ್ನು ನೋಡಿದ್ದೀರಿ. ಅಳಲೆಕಾಯಿಯ ಟ್ಯಾನಿನ್ನಿಗೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಸೇರಿಸಿ ಹಿಂದಿನವರು ಬರೆಯುವ ಶಾಯಿ ಮಾಡಿಕೊಳ್ಳುತ್ತಿದ್ದದ್ದು ಇದೇ ಕಪ್ಪಿನಿಂದ. ಚಹಾ ಕಲೆಯಾದ ಅಂಗಿಯನ್ನು ತುಕ್ಕು ಹಿಡಿದ ಬಕೆಟ್ಟಿನಲ್ಲಿ ನೆನೆಹಾಕಿದರೆ ನೀವೂ ಅದೇ ಶಾಯಿ ತಯಾರಿಸುತ್ತೀರಿ.

ತುಕ್ಕಿನ ಕಲೆಗೆ ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಡುವುದು ಹಳೆಯ ಮದ್ದು. ನಿಂಬೆಯ ಸಿಟ್ರಿಕ್ ಆಮ್ಲ ಕಬ್ಬಿಣದ ಕಣವನ್ನು ನಾಲ್ಕೂ ಕಡೆಯಿಂದ ಅಪ್ಪಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಕರಾವಳಿಯ ಮನೆಗಳ ಹಿತ್ತಲಲ್ಲಿ ಬಿಡುವ ಬಿಂಬುಳಿಯ ರಸ ಇನ್ನೂ ಚುರುಕು, ಅದರಲ್ಲಿ ಆಕ್ಸಾಲಿಕ್ ಆಮ್ಲ ಹೇರಳ. ತುಕ್ಕಿನ ಮೇಲೆ ಬ್ಲೀಚ್ ಮಾತ್ರ ಎಂದೂ ಹಾಕಬಾರದು; ಕಲೆ ಇನ್ನಷ್ಟು ಊರುತ್ತದೆ. ಕಬ್ಬಿಣದ ಅಂಶವಿರುವ ಬಾವಿ ನೀರಿನಲ್ಲಿ ಬ್ಲೀಚ್ ಹಾಕಿ ನೆನೆಸಿದ ಬಿಳಿ ಬಟ್ಟೆ ಹಳದಿಯಾಗಿ ಮೇಲೇಳುವುದಕ್ಕೂ ಇದೇ ಕಾರಣ.

ನೊರೆ ಕಂಡರೆ ಕೆಲಸವಾಯಿತೇ?

ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಕಲೆಗೆ ಹಚ್ಚಿ ಎಂಬ ಸಲಹೆ ಮನೆಮನೆಗೂ ತಲುಪಿದೆ. ಬೆರೆಸಿದಾಗ ಭುಸುಗುಡುವ ನೊರೆ ಕಂಡು ಶಕ್ತಿಯೆಲ್ಲ ಅದರಲ್ಲಿದೆ ಎನ್ನಿಸುತ್ತದೆ. ಆ ನೊರೆ ಕಾರ್ಬನ್ ಡೈಆಕ್ಸೈಡು, ಸೋಡಾ ಬಾಟಲಿಯಲ್ಲಿರುವ ಅದೇ ಗಾಳಿ. ಹುಳಿಯ ಹುಳಿತನವೂ ಸೋಡಾದ ಕ್ಷಾರತೆಯೂ ಒಂದನ್ನೊಂದು ತಿಂದುಹಾಕಿರುತ್ತವೆ. ಒಂದು ದೊಡ್ಡ ಚಮಚ, ಅಂದರೆ ಸುಮಾರು 14 ಗ್ರಾಂ ಸೋಡಾಕ್ಕೆ 200ರಿಂದ 250 ಮಿಲಿಲೀಟರ್ ವಿನೆಗರ್ ಸುರಿದರೆ ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ಕಲೆಯ ಮಟ್ಟಿಗೆ ಅದು ಬರೀ ನೀರಿನಂತೆಯೇ.

ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಬಳಸಿದರೆ ಎರಡೂ ದುಡಿಯುತ್ತವೆ. ಒಗೆಯುವ ನೀರಿಗೆ ಸೋಡಾ. ಕೊನೆಯ ಜಾಲಾಟದ ನೀರಿಗೆ ಅರ್ಧ ಲೋಟ ವಿನೆಗರ್. ನೂಲಿನಲ್ಲಿ ಉಳಿದ ಕ್ಷಾರ ತೊಲಗಿ, ಗಡಸು ನೀರಿನ ಸುಣ್ಣ ಕರಗಿ ಟವೆಲ್ ಮೆತ್ತಗಾಗುತ್ತದೆ.

ಬಣ್ಣವನ್ನೇ ಮುರಿಯುವುದು

ಈಗ ಎರಡನೆಯ ದಾರಿ. ಅರಿಶಿನಕ್ಕೆ ಹಳದಿ ಎಲ್ಲಿಂದ ಬಂತು? 1815ರಲ್ಲಿ ವೋಗೆಲ್ ಮತ್ತು ಪೆಲೆಟಿಯೆ ಎಂಬುವರು ಅದರ ಬಣ್ಣವನ್ನು ಬೇರ್ಪಡಿಸಿದರು. ಅಣುವಿನ ರಚನೆ ತಿಳಿಯಲು 1910ರವರೆಗೆ ಕಾಯಬೇಕಾಯಿತು. ಎರಡು ಉಂಗುರಗಳ ನಡುವೆ ಒಂದು ಸರಪಳಿ, ಆ ಸರಪಳಿಯಲ್ಲಿ ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು. ಅಂಥ ಸರಪಳಿಯ ಉದ್ದಕ್ಕೂ ಎಲೆಕ್ಟ್ರಾನುಗಳು ಓಡಾಡುತ್ತ ಬೆಳಕಿನ ನೀಲಿ, ನೇರಳೆ ಭಾಗವನ್ನು ನುಂಗುತ್ತವೆ. ಮಿಕ್ಕದ್ದು ನಮ್ಮ ಕಣ್ಣಿಗೆ ಹಳದಿ. ಸರಪಳಿ ತುಂಡಾದರೆ ಬಣ್ಣವಿಲ್ಲ.

ಬಿಸಿಲು ಮಾಡುವುದು ಆ ತುಂಡರಿಸುವ ಕೆಲಸ. ಕರ್ಕ್ಯುಮಿನ್ ಬೆಳಕಿಗೆ ಬಹಳ ನಾಜೂಕು. ಬಿಸಿಲಿಗೆ ಒಡೆದಾಗ ಹುಟ್ಟುವ ಚೂರುಗಳಲ್ಲಿ ಒಂದು ವ್ಯಾನಿಲಿನ್, ಐಸ್‌ಕ್ರೀಮಿಗೆ ಪರಿಮಳ ಕೊಡುವ ಅದೇ ವಸ್ತು. ಬಟ್ಟೆ ಒದ್ದೆಯಾಗಿದ್ದರೆ ನೀರು, ಗಾಳಿಯ ಆಮ್ಲಜನಕ, ಬೆಳಕು ಮೂರೂ ಸೇರಿ ಬಣ್ಣ ಮುರಿಯಲು ಸಹಾಯವಾಗುತ್ತದೆ. ಅಮ್ಮ ನಡುವೆ ಎದ್ದು ಹೋಗಿ ನೀರು ಚಿಮುಕಿಸುತ್ತಿದ್ದದ್ದು ಸುಮ್ಮನಲ್ಲ.

ಪೆರಾಕ್ಸೈಡ್ ಕೂಡ ಇದೇ ದಾರಿಯದು. 1818ರಲ್ಲಿ ಫ್ರಾನ್ಸಿನ ತೆನಾರ್ ಅದನ್ನು ಮೊದಲು ತಯಾರಿಸಿದ. ಅಂಗಡಿಯಲ್ಲಿ ಸಿಗುವ ಸೋಡಿಯಂ ಪರ್‌ಕಾರ್ಬೊನೇಟ್ ಎಂಬ ಪುಡಿಯಲ್ಲಿ ವಾಷಿಂಗ್ ಸೋಡಾವೂ ಪೆರಾಕ್ಸೈಡೂ ಒಟ್ಟಿಗೆ ಕೂತಿರುತ್ತವೆ. ಬೆಚ್ಚನೆಯ ನೀರಿಗೆ ಬಿದ್ದಾಗ ಬಿಡಿಸಿಕೊಳ್ಳುತ್ತವೆ. ಮಾಸಿದ ಬಿಳಿ ಹತ್ತಿ ಬಟ್ಟೆಗೆ ನಾನು ಮೊದಲು ಹೇಳುವುದು ಇದನ್ನು.

ಕೊನೆಯದು ಕ್ಲೋರಿನ್ ಬ್ಲೀಚ್. 1774ರಲ್ಲಿ ಸ್ವೀಡನ್ನಿನ ಶೀಲೆ ಹಸಿರು ಮಿಶ್ರಿತ ಹಳದಿಯ, ಉಸಿರುಗಟ್ಟಿಸುವ ಒಂದು ಅನಿಲವನ್ನು ಪಡೆದ. ಅದು ಹೂವಿನ, ಎಲೆಯ ಬಣ್ಣ ತೆಗೆಯುವುದನ್ನು ಕಂಡ. 1785ರಲ್ಲಿ ಫ್ರಾನ್ಸಿನ ಬರ್ತೊಲೆ ಅದನ್ನು ಬಟ್ಟೆಗೆ ಬಳಸಿದ. 1799ರಲ್ಲಿ ಗ್ಲಾಸ್ಗೊದ ಚಾರ್ಲ್ಸ್ ಟೆನೆಂಟ್ ಆ ಅನಿಲವನ್ನು ಸುಣ್ಣಕ್ಕೆ ಹೀರಿಸಿ ಬ್ಲೀಚಿಂಗ್ ಪೌಡರಿಗೆ ಪೇಟೆಂಟ್ ಪಡೆದ. ಹುಲ್ಲುಗಾವಲಿನ ತಿಂಗಳುಗಳ ಕೆಲಸ ದಿನಗಳಿಗೆ ಇಳಿಯಿತು. ಇಂದಿನ ಬಾಟಲಿಯಲ್ಲಿರುವ ಸೋಡಿಯಂ ಹೈಪೊಕ್ಲೋರೈಟ್ ಅದರ ತಮ್ಮ. ಅದು ಹತ್ತಿಗೆ ಸರಿ. ರೇಷ್ಮೆ, ಉಣ್ಣೆಯನ್ನು ಕರಗಿಸಿಬಿಡುತ್ತದೆ. ಹತ್ತಿಗೂ ಆಗಾಗ ಹಾಕಿದರೆ ನೂಲು ಜೀರ್ಣವಾಗುತ್ತದೆ.

ಇಲ್ಲಿ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಬ್ಲೀಚಿಗೆ ಹುಳಿಯಾದ ಯಾವುದನ್ನೂ ಸೇರಿಸಬೇಡಿ. ನಿಂಬೆರಸ ಬೇಡ, ವಿನೆಗರ್ ಬೇಡ, ಪಾಯಿಖಾನೆ ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ. ಹುಳಿ ತಗುಲಿದ ಕೂಡಲೇ ಬ್ಲೀಚು ತನ್ನೊಳಗಿನ ಕ್ಲೋರಿನ್ ಅನಿಲವನ್ನು ಹೊರಬಿಡುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಊರಿನ ಬಳಿ ಸೈನಿಕರ ಕಂದಕಗಳ ಕಡೆಗೆ ಹರಿಯಬಿಟ್ಟದ್ದು ಇದೇ ಅನಿಲ. ಅಮೋನಿಯ ಇರುವ ಕ್ಲೀನರಿನ ಜೊತೆಗೂ ಬ್ಲೀಚ್ ಸೇರಬಾರದು. ಕ್ಲೋರಮೈನ್ ಎಂಬ ಇನ್ನೊಂದು ವಿಷವಾಯು ಹುಟ್ಟುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಸ್ವಲ್ಪವೇ ಸಾಕು. ಕಣ್ಣುರಿ, ಎದೆ ಬಿಗಿಯುವ ಕೆಮ್ಮು ಬಂದರೆ ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಗೆ ಗಾಳಿಗೆ ಬನ್ನಿ, ಕೆಮ್ಮು ನಿಲ್ಲದಿದ್ದರೆ ವೈದ್ಯರ ಬಳಿ ಹೋಗಿ. ಎರಡು ಒಳ್ಳೆಯ ಮದ್ದು ಸೇರಿದರೆ ಇನ್ನೂ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಬಚ್ಚಲಿನಲ್ಲಿ ಪ್ರಾಣಕ್ಕೇ ಎರವಾಗಬಲ್ಲದು.

ಕಣ್ಣಿಗೆ ಕಟ್ಟುವ ಬಿಳಿ

ಕೊಳೆ ಹೋಗಿದೆ, ಕಲೆ ಮುರಿದಿದೆ. ಆದರೂ ಹತ್ತಿ ಬಟ್ಟೆ ಹಳೆಯದಾದಂತೆ ಎಳೆ ಹಳದಿಗೆ ತಿರುಗುತ್ತದೆ. ಇಲ್ಲಿ ಮೂರನೆಯ ದಾರಿ, ನೀಲಿ. ಒಂದು ಚಿಂದಿಯಲ್ಲಿ ನೀಲಿ ಪುಡಿ ಕಟ್ಟಿ, ಬಕೆಟ್ಟಿನ ನೀರಿನಲ್ಲಿ ಆಡಿಸಿ, ನೀರು ತಿಳಿಯಾದ ಆಕಾಶದ ಬಣ್ಣಕ್ಕೆ ಬಂದಾಗ ನಿಲ್ಲಿಸಿ, ಬಟ್ಟೆಯನ್ನು ಪೂರ್ತಿ ಬಿಚ್ಚಿ ಒಮ್ಮೆಗೇ ಅದ್ದಿ ತೆಗೆಯಬೇಕು. ಮುದ್ದೆ ಮಾಡಿ ಅದ್ದಿದರೆ ಪಟ್ಟೆ ಪಟ್ಟೆ.

ಹಳದಿಗೆ ಎದುರು ಬಣ್ಣ ನೀಲಿ. ಹಳದಿಯ ಮೇಲೆ ತೆಳುವಾಗಿ ನೀಲಿ ಕೂತರೆ ಎರಡೂ ಅಳಿಸಿಹೋಗಿ ಬೂದಿಗೆ ಹತ್ತಿರವಾಗುತ್ತದೆ. ಬಟ್ಟೆಯಿಂದ ಬರುವ ಬೆಳಕು ನಿಜವಾಗಿ ಕಡಿಮೆಯಾಗಿರುತ್ತದೆ. ಆದರೂ ಮನುಷ್ಯನ ಕಣ್ಣು ಹಳದಿ ಛಾಯೆಯ ಬಿಳಿಗಿಂತ ನೀಲಿ ಛಾಯೆಯ ಬಿಳಿಯನ್ನೇ ಹೆಚ್ಚು ಬಿಳಿ ಎಂದು ಒಪ್ಪುತ್ತದೆ.

ಆ ನೀಲಿ ಪುಡಿ ಅಲ್ಟ್ರಾಮರೀನ್. ಒಂದು ಕಾಲಕ್ಕೆ ಆಫ್ಘಾನಿಸ್ತಾನದ ಬದಖ್ಶಾನಿನ ಗಣಿಯಿಂದ ಬಂದ ಲಾಜವರ್ದ ಕಲ್ಲನ್ನು ಅರೆದು ಅದನ್ನು ಪಡೆಯುತ್ತಿದ್ದರು, ಬಂಗಾರದ ಬೆಲೆ. 1824ರಲ್ಲಿ ಫ್ರಾನ್ಸಿನ ಒಂದು ಸಂಘ ಅದನ್ನು ಅಗ್ಗವಾಗಿ ತಯಾರಿಸಿದವರಿಗೆ 6,000 ಫ್ರಾಂಕ್ ಬಹುಮಾನ ಘೋಷಿಸಿತು. 1828ರಲ್ಲಿ ಗಿಮೆ ಎಂಬುವರು ಅದನ್ನು ಗೆದ್ದರು. ಬಂಗಾರದ ಬೆಲೆಯ ಬಣ್ಣ ಹೀಗೆ ಬಕೆಟ್ಟಿಗೆ ಇಳಿಯಿತು. ಅಲ್ಟ್ರಾಮರೀನ್ ಹುಳಿಗೆ ತಡೆಯದು, ಬಣ್ಣ ಕಳೆದುಕೊಳ್ಳುತ್ತದೆ. ವಿನೆಗರ್ ಹಾಕಿದ ನೀರಿಗೆ ಪುಡಿ ನೀಲಿ ಬೆರೆಸಬೇಡಿ. ನಮ್ಮಲ್ಲಿ ಪುಡಿಯ ಜಾಗಕ್ಕೆ ಹನಿ ನೀಲಿ ಬಂದದ್ದು ಬಹುಮಟ್ಟಿಗೆ 1983ರಲ್ಲಿ ಕೇರಳದ ತ್ರಿಶೂರಿನಲ್ಲಿ ಶುರುವಾದ ಉಜಾಲದಿಂದ. ಅದು ಕರಗುವ ಬಣ್ಣವಾದ್ದರಿಂದ ತಳದಲ್ಲಿ ಗಸಿ ಕೂರುವುದಿಲ್ಲ.

ಈಗಿನ ಬಟ್ಟೆ ಪುಡಿಗಳಲ್ಲಿ ಇನ್ನೊಂದು ಬಗೆಯ ನೀಲಿ ಅಡಗಿದೆ. 1929ರಲ್ಲಿ ಪೌಲ್ ಕ್ರೈಸ್ ಎಂಬ ಜರ್ಮನ್ ವಿಜ್ಞಾನಿ ಹಾರ್ಸ್ ಚೆಸ್ಟ್‌ನಟ್ ಮರದ ಸಾರದಲ್ಲಿ ಅದ್ದಿದ ಬಟ್ಟೆ ಬಿಸಿಲಿಗೆ ಹೊಳೆಯುವುದನ್ನು ಕಂಡ. ಸಾರದಲ್ಲಿದ್ದ ವಸ್ತು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ನುಂಗಿ ಕಾಣುವ ನೀಲಿ ಬೆಳಕಾಗಿ ಬಿಡುತ್ತಿತ್ತು. ಇಂದು ಅದೇ ತತ್ವದ ಕೃತಕ ವಸ್ತುಗಳು ಪುಡಿಯಲ್ಲಿವೆ. ಬಿಸಿಲಿನಲ್ಲಿ ಕಣ್ಣು ಕೋರೈಸುವ ಅಂಗಿ ಮನೆಯ ಎಲ್ಇಡಿ ದೀಪದಡಿ ಸಪ್ಪೆಯಾಗುವುದು ಆ ದೀಪದಲ್ಲಿ ಅತಿನೇರಳೆ ಹೆಚ್ಚು ಇಲ್ಲದಿರುವುದರಿಂದ. ಹೊಳಪು ಬೇರೆ, ಶುದ್ಧಿ ಬೇರೆ. ಜಾಹೀರಾತಿನ ಬಿಳಿ ಬಹುಪಾಲು ಈ ಹೊಳಪು.

ಹೋಗಬಾರದ ಕಲೆ

ಕಲೆ ತೆಗೆಯುವುದನ್ನು ಬಲ್ಲವರೇ ಹೋಗದ ಕಲೆಯನ್ನೂ ಹುಡುಕಿದ್ದರು. ಹತ್ತು ಮನೆಗಳ ಬಟ್ಟೆ ಒಂದೇ ಉಬ್ಬೆಯಲ್ಲಿ ಬೆಂದು ಬರುವಾಗ ಯಾರದು ಯಾವುದೆಂದು ತಿಳಿಯಬೇಕಲ್ಲ. ಮಡಿವಾಳರು ಕೇರುಬೀಜದ ರಸದಿಂದ ಬಟ್ಟೆಯ ಮೂಲೆಗೆ ಗುರುತು ಹಾಕುತ್ತಿದ್ದರು. ಊರು ಬದಲಾದಂತೆ ಕರಿಗೇರು, ಭಲ್ಲಾತಕ ಎಂಬ ಹೆಸರೂ ಅದಕ್ಕಿದೆ. ಬೀಜದ ಸಿಪ್ಪೆಯಲ್ಲಿರುವ ಎಣ್ಣೆ ನೂಲಿಗೆ ತಗುಲಿ ಗಾಳಿಗೆ ಕಪ್ಪಾಗುತ್ತದೆ. ಮೇಲೆ ಸುಣ್ಣ ಸವರಿದರೆ ಇನ್ನಷ್ಟು ಕಚ್ಚುತ್ತದೆ. ಚರ್ಮಕ್ಕೆ ತಾಗಿದರೆ ಬೊಬ್ಬೆ ಎಬ್ಬಿಸುವಷ್ಟು ಅದು ತೀಕ್ಷ್ಣ. ಆಮೇಲೆ ಚೌಳು, ಹಬೆ, ಕಲ್ಲು, ಬಿಸಿಲು ಯಾವುದಕ್ಕೂ ಆ ಗುರುತು ಹೋಗದು. ಸಸ್ಯಶಾಸ್ತ್ರಜ್ಞರು ಈ ಮರಕ್ಕಿಟ್ಟ ಸೆಮೆಕಾರ್ಪಸ್ ಎಂಬ ಹೆಸರಿಗೆ ಗ್ರೀಕಿನಲ್ಲಿ ಗುರುತಿನ ಹಣ್ಣು ಎಂದೇ ಅರ್ಥ.

ಕ್ಷಾರಕ್ಕೆ ಯಾವುದು ಸಡಿಲುತ್ತದೆ, ಬಿಸಿಲಿಗೆ ಯಾವುದು ಮುರಿಯುತ್ತದೆ, ಯಾವುದು ಎರಡಕ್ಕೂ ಬಗ್ಗದು ಎಂದು ಅವರು ಹೊಳೆದಂಡೆಯಲ್ಲಿ ನಿಂತು, ತಲೆಮಾರುಗಳ ಕಾಲ ಬಟ್ಟೆಯ ಮೇಲೆಯೇ ಪರೀಕ್ಷಿಸಿ ಕಂಡುಕೊಂಡಿದ್ದರು. ಪ್ರಯೋಗಶಾಲೆ ಎಂದರೆ ಇದೇ ತಾನೆ.

ಈಗ ಆ ಪಂಚೆಗೆ ಮರಳೋಣ. ಹುಳಿಯ ಹನಿಯಲ್ಲಿ ಒಗ್ಗರಣೆಯ ಎಣ್ಣೆಯಿದೆ, ಬೇಳೆಯ ಪ್ರೋಟೀನಿದೆ, ಅರಿಶಿನವಿದೆ. ಮೊದಲು ತಣ್ಣೀರು, ಬೇಳೆಗೆ. ಆಮೇಲೆ ಸೋಪು, ಎಣ್ಣೆಗೆ. ಕೆಂಪಾಗುತ್ತದೆ, ಆಗಲಿ. ಅರಿಶಿನ ತನ್ನ ಹೆಸರು ಹೇಳಿದೆ ಅಷ್ಟೆ. ಚೆನ್ನಾಗಿ ಜಾಲಾಡಿಸಿ, ಕಲೆಯಿದ್ದ ಕಡೆ ಬಿಸಿಲಿಗೆ ಮುಖ ಮಾಡಿ ಹರವಿ. ಒಣಗುತ್ತ ಬಂದಾಗ ಒಮ್ಮೆ ಹೋಗಿ ನೀರು ಚಿಮುಕಿಸಿ ಬನ್ನಿ.